ತನ್ನ ಪ್ಯಾರಿಷ್ಷನ್ನು ತಾನೇ ಒಡೆದ ವಿಕಾರ್: ಲೀಡ್ಸ್‌ನ ಸೇಂಟ್ ಪೀಟರ್ಸ್ ಚರ್ಚು

ಇಂಗ್ಲೆಂಡಿನ ಯಾರ್ಕ್‌ಶೈರ್ ಸೀಮೆಯ ಲೀಡ್ಸ್ ಎಂದರೆ ಉಣ್ಣೆ, ಅಗಸೆ ನಾರು ಮತ್ತು ಯಂತ್ರಗಳ ಊರು. ಅಲ್ಲಿನ ಕಿರ್ಕ್‌ಗೇಟ್ ಬೀದಿಯ ಕೊನೆಯಲ್ಲಿ ಹೊಗೆಗೆ ಕಪ್ಪಾದ ಕಲ್ಲಿನ ದೊಡ್ಡ ಚರ್ಚೊಂದಿದೆ. ಹೆಸರು ಸೇಂಟ್ ಪೀಟರ್ಸ್. ಊರಿನವರ ಬಾಯಲ್ಲಿ ಬಹುಕಾಲ ಅದು ‘ಪ್ಯಾರಿಷ್ ಚರ್ಚ್’ ಅಷ್ಟೇ. 2012ರಿಂದ ಲೀಡ್ಸ್ ಮಿನ್‌ಸ್ಟರ್, ಅಂದರೆ ದೊಡ್ಡ ಚರ್ಚಿಗೆ ಕೊಡುವ ಗೌರವದ ಹೆಸರು. ಇದರ ಬಗ್ಗೆ ಬರೆಯುವವರೆಲ್ಲ 1841ರ ಗಾಥಿಕ್ ಕಟ್ಟಡವನ್ನು, 139 ಅಡಿಯ ಗೋಪುರವನ್ನು ಹೊಗಳುತ್ತಾರೆ. ಹೊಗಳಲಿ, ಅದಕ್ಕೆ ಅರ್ಹವಾದ ಕಟ್ಟಡವೇ. ಆದರೆ ಈ ಚರ್ಚಿನ ಚರಿತ್ರೆಯಲ್ಲಿ ನಿಜಕ್ಕೂ ದೊಡ್ಡ ಕೆಲಸ ನಡೆದದ್ದು ಮೂರು ವರ್ಷಗಳ ನಂತರ, 1844ರಲ್ಲಿ, ಪಾರ್ಲಿಮೆಂಟಿನ ಒಂದು ಕಾಯ್ದೆಯ ಮೂಲಕ. ಕೈಗಾರಿಕಾ ಪಟ್ಟಣದ ಪ್ಯಾರಿಷ್ ಚರ್ಚನ್ನು ಅರ್ಥಮಾಡಿಕೊಳ್ಳಬೇಕಾದರೆ ಕಮಾನುಗಳಿಗಿಂತ ಮೊದಲು ಲೆಕ್ಕದ ಪುಸ್ತಕ ನೋಡಬೇಕು.

ಮೊದಲು ಪ್ಯಾರಿಷ್ ಎಂದರೇನು ಎನ್ನುವುದು. ನಮ್ಮ ಕಡೆ ಆಂಗ್ಲಿಕನ್ ಸಭೆಗಳು 1947ರಲ್ಲಿ ಸಿಎಸ್‌ಐನಲ್ಲಿ (ಚರ್ಚ್ ಆಫ್ ಸೌತ್ ಇಂಡಿಯಾ) ಸೇರಿಹೋದವು. ಇಲ್ಲಿ ಒಬ್ಬರು ಯಾವ ಚರ್ಚಿನವರು ಎನ್ನುವುದು ಅವರ ಸದಸ್ಯತ್ವದಿಂದ ತಿಳಿಯುತ್ತದೆ. ಇಂಗ್ಲೆಂಡಿನಲ್ಲಿ ಹಾಗಲ್ಲ. ಅಲ್ಲಿ ಪ್ಯಾರಿಷ್ ಎಂದರೆ ಗಡಿ ಹಾಕಿದ ನೆಲ. ಆ ಗಡಿಯೊಳಗೆ ಬದುಕುವ ಪ್ರತಿಯೊಬ್ಬರೂ, ಚರ್ಚಿಗೆ ಬರಲಿ ಬಿಡಲಿ, ಆ ಪ್ಯಾರಿಷ್ಷಿನವರೇ. ಅವರ ಮದುವೆ, ಮಕ್ಕಳ ದೀಕ್ಷಾಸ್ನಾನ, ಸತ್ತಾಗ ಹೂಳಲು ಆರಡಿ ಜಾಗ ಎಲ್ಲದರ ಹೊಣೆ ಆ ಚರ್ಚಿನದು. ಹೊಣೆಯ ಜೊತೆಗೆ ಶುಲ್ಕವೂ ಆ ಚರ್ಚಿನದೇ. 1753ರ ಮದುವೆ ಕಾಯ್ದೆಯ ಪ್ರಕಾರ ಕ್ವೇಕರರು ಮತ್ತು ಯಹೂದಿಗಳನ್ನು ಬಿಟ್ಟು ಉಳಿದವರೆಲ್ಲ, ಅವರು ಬ್ಯಾಪ್ಟಿಸ್ಟರಾಗಲಿ ಕ್ಯಾಥೊಲಿಕ್ಕರಾಗಲಿ, ಆಂಗ್ಲಿಕನ್ ಚರ್ಚಿನಲ್ಲೇ ಮದುವೆಯಾಗಬೇಕಿತ್ತು. ಸರ್ಕಾರಿ ನೋಂದಣಿ ಶುರುವಾದ ಜುಲೈ 1837ರವರೆಗೂ ಇದೇ ಪಾಡು.

ಲೀಡ್ಸ್‌ನಲ್ಲಿ ಚರ್ಚು ಮತ್ತು ಪಾದ್ರಿ ಇದ್ದ ವಿಷಯ 1086ರ ಡೂಮ್ಸ್‌ಡೇ ಎಂಬ ಭೂಮಾಪನ ದಾಖಲೆಯಲ್ಲೇ ಬರುತ್ತದೆ. ಕುರಿ ಮತ್ತು ಹೊಲಗಳ ಕಾಲದಲ್ಲಿ ಎಳೆದ ಗಡಿ ಅದು: ಲೀಡ್ಸ್ ಪಟ್ಟಣ, ಅದರ ಸುತ್ತ ಹನ್‌ಸ್ಲೆಟ್, ಹೋಲ್‌ಬೆಕ್, ಆರ್ಮ್‌ಲಿ, ಬ್ರ್ಯಾಮ್ಲಿ, ಬೀಸ್ಟನ್, ಹೆಡಿಂಗ್ಲಿ ಮುಂತಾದ ಹಳ್ಳಿಗಳು. ಎಲ್ಲ ಸೇರಿ ಒಂದೇ ಪ್ಯಾರಿಷ್, ಒಬ್ಬನೇ ವಿಕಾರ್, ಅಂದರೆ ಪ್ಯಾರಿಷ್ಷಿನ ಮುಖ್ಯ ಪಾದ್ರಿ. ಹಳ್ಳಿಗಳು ಹಳ್ಳಿಗಳಾಗಿ ಇರುವವರೆಗೆ ಇದರಿಂದ ತೊಂದರೆಯಿರಲಿಲ್ಲ. 1792ರ ಹೊತ್ತಿಗೆ ಬೆಂಜಮಿನ್ ಗಾಟ್ ಬೀನ್ ಇಂಗ್ ಎಂಬಲ್ಲಿ ಉಣ್ಣೆ ಗಿರಣಿ ಕಟ್ಟಲು ತೊಡಗಿದ್ದ; ಹೋಲ್‌ಬೆಕ್‌ನಲ್ಲಿ ಜಾನ್ ಮಾರ್ಷಲ್‌ನ ಅಗಸೆ ನಾರಿನ ಗಿರಣಿಗಳು, ಮ್ಯಾಥ್ಯೂ ಮರ್ರಿಯ ಎಂಜಿನ್ ಕಾರ್ಖಾನೆ ಎದ್ದವು. ಪ್ಯಾರಿಷ್ಷಿಗೆ ಹೆಚ್ಚುಕಡಿಮೆ ಸಮನಾದ ಲೀಡ್ಸ್ ಬರೋದ, ಅಂದರೆ ನಗರಾಡಳಿತದ ಗಡಿಯ, ಜನಸಂಖ್ಯೆ 1801ರಲ್ಲಿ 53,162 ಇದ್ದದ್ದು 1831ಕ್ಕೆ 1,23,393 ಆಯಿತು, 1841ಕ್ಕೆ 1,52,054. ಜನ ಮೂರು ಪಟ್ಟಾದರು. ಕಾನೂನಿನ ಲೆಕ್ಕದಲ್ಲಿ ಪ್ಯಾರಿಷ್ ಮಾತ್ರ ಒಂದೇ ಉಳಿಯಿತು.

ಹಾಗಿದ್ದರೆ ಇನ್ನಷ್ಟು ಚರ್ಚು ಕಟ್ಟಬಹುದಿತ್ತಲ್ಲ? ಕಟ್ಟಿದರು. 1818ರಲ್ಲಿ ಪಾರ್ಲಿಮೆಂಟು ಹೊಸ ಚರ್ಚುಗಳಿಗೆಂದು ಹತ್ತು ಲಕ್ಷ ಪೌಂಡ್ ಮಂಜೂರು ಮಾಡಿತು. ಅದರಲ್ಲಿ ಲೀಡ್ಸ್‌ಗೆ ಮೂರು ಚರ್ಚು ಬಂದವು: ಮೆಡೋ ಲೇನ್‌ನ ಕ್ರೈಸ್ಟ್ ಚರ್ಚ್, ಕ್ವಾರಿ ಹಿಲ್‌ನ ಸೇಂಟ್ ಮೇರಿ, ವುಡ್‌ಹೌಸ್‌ನ ಸೇಂಟ್ ಮಾರ್ಕ್. ಆದರೆ ಗೋಡೆ, ಚಾವಣಿ, ಗಂಟೆ ಇದ್ದ ಮಾತ್ರಕ್ಕೆ ಚರ್ಚು ನಡೆಯುವುದಿಲ್ಲ. ತಾಯಿ ಚರ್ಚಿನ ಅಧೀನದಲ್ಲಿದ್ದ ಇಂಥ ಉಪಚರ್ಚುಗಳಿಗೆ ತಮ್ಮದೇ ಆಸ್ತಿ ಇರಲಿಲ್ಲ. ಮದುವೆ, ಹೂಳುವಿಕೆಯ ಶುಲ್ಕದ ಮೇಲೆ ಹಕ್ಕು ಹಳೆಯ ಚರ್ಚಿನದೇ. ಹಾಗಾದರೆ ಅಲ್ಲಿ ಸೇವೆ ಮಾಡುವ ಪಾದ್ರಿಯ ಹೊಟ್ಟೆಗೆ ಏನು? ಬೆಂಚು ಬಾಡಿಗೆ. ಅನುಕೂಲಸ್ಥ ಮನೆತನಗಳು ವರ್ಷಕ್ಕಿಷ್ಟು ಎಂದು ಕೊಟ್ಟು ತಮ್ಮ ಬೆಂಚನ್ನು ಹಿಡಿದಿಟ್ಟುಕೊಳ್ಳುತ್ತಿದ್ದವು. ಬೆಂಚಿನ ತುದಿಗೆ ಪುಟ್ಟ ಬಾಗಿಲು. ಒಳ್ಳೆಯ ಜಾಗವೆಲ್ಲ ಬಾಡಿಗೆಗೆ ಹೋದ ಮೇಲೆ ಬಡವರಿಗೆ ಉಳಿಯುತ್ತಿದ್ದದ್ದು ಹಿಂದಿನ ಸಾಲು, ಇಲ್ಲವೇ ಓಣಿಯಲ್ಲಿ ಇಟ್ಟ ಮಣೆ. ಗಿರಣಿ ಕೆಲಸಗಾರರಿಗೆಂದು ಕಟ್ಟಿದ ಚರ್ಚಿನಲ್ಲಿ ಗಿರಣಿ ಕೆಲಸಗಾರನಿಗೇ ಕೂರಲು ಜಾಗವಿಲ್ಲ. ಅವನು ಮೆಥಡಿಸ್ಟ್ ಚಾಪೆಲ್ಲಿಗೆ ಹೋದದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ಇದರ ಮೇಲೆ ಚರ್ಚ್ ತೆರಿಗೆಯ ಜಗಳ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಲೀಡ್ಸ್ ಚರಿತ್ರೆಯ ಅರ್ಧ ಭಾಗ ಇದರ ಸುತ್ತಲೇ ತಿರುಗುತ್ತದೆ. ಹಳೆಯ ಪದ್ಧತಿಯಲ್ಲಿ ಚರ್ಚಿನ ಮುಂಭಾಗದ, ಅಂದರೆ ಜನ ಕೂರುವ ಭಾಗದ, ರಿಪೇರಿ ಪ್ಯಾರಿಷ್ಷಿನ ಜನರ ಹೊಣೆ. ಬಲಿಪೀಠ ಇರುವ ಭಾಗದ ರಿಪೇರಿ ದಶಮಾಂಶದ ಒಡೆಯನಾದ ರೆಕ್ಟರನದು. ಚಾವಣಿ, ಗಂಟೆಯ ಹಗ್ಗ, ಪ್ರಭುಭೋಜನದ ರೊಟ್ಟಿ-ದ್ರಾಕ್ಷಾರಸ, ನಿಲುವಂಗಿ ಒಗೆಸುವುದು, ಸ್ಮಶಾನದ ಗೋಡೆ ಇವೆಲ್ಲದರ ಅಂದಾಜನ್ನು ಚರ್ಚ್‌ವಾರ್ಡನ್‌ಗಳು, ಅಂದರೆ ಚರ್ಚಿನ ಆಡಳಿತ ನೋಡುವ ಪ್ಯಾರಿಷ್ಷಿನ ಪ್ರತಿನಿಧಿಗಳು, ಬರೆದು ವೆಸ್ಟ್ರಿ ಎಂಬ ಪ್ಯಾರಿಷ್ ಸಭೆಯ ಮುಂದೆ ಇಡುತ್ತಿದ್ದರು. ಸಭೆ ಒಪ್ಪಿದರೆ ಮನೆ ಮನೆಗೂ ತೆರಿಗೆ. ಪೌಂಡಿಗೆ 240 ಪೆನ್ನಿ ಇದ್ದ ಕಾಲ. ವರ್ಷಕ್ಕೆ 20 ಪೌಂಡ್ ಬಾಡಿಗೆ ಬೆಲೆಯ ಮನೆಗೆ ಪೌಂಡಿಗೆ ಅರ್ಧ ಪೆನ್ನಿ ದರದಲ್ಲಿ 10 ಪೆನ್ನಿ ಬೀಳುತ್ತಿತ್ತು. ಮೊತ್ತ ದೊಡ್ಡದಲ್ಲ. ಆದರೆ ವೆಸ್ಟ್ರಿಯಲ್ಲಿ ಮತ ಹಾಕುವ ಹಕ್ಕು ತೆರಿಗೆ ಕೊಡುವ ಎಲ್ಲರಿಗೂ ಇತ್ತು. ತಮ್ಮ ಚಾಪೆಲ್ಲನ್ನು ತಮ್ಮ ದುಡ್ಡಿನಿಂದಲೇ ನಡೆಸುತ್ತಿದ್ದ ಬ್ಯಾಪ್ಟಿಸ್ಟರು, ಕಾಂಗ್ರಿಗೇಷನಲಿಸ್ಟರು ಇನ್ನೊಬ್ಬರ ಚರ್ಚಿಗೆ ಯಾಕೆ ಕೊಡಬೇಕು ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಅವರು ಪ್ರಶ್ನೆಗೆ ನಿಲ್ಲದೆ ವೆಸ್ಟ್ರಿಗೆ ಬಂದು, ತಮ್ಮವರನ್ನೇ ಚರ್ಚ್‌ವಾರ್ಡನ್‌ಗಳಾಗಿ ಆರಿಸಿ, ಖರ್ಚಿಗೆ ಕಡಿವಾಣ ಹಾಕಿದರು. ಕಡ್ಡಾಯ ಚರ್ಚ್ ತೆರಿಗೆ ದೇಶದಾದ್ಯಂತ ರದ್ದಾದದ್ದು 1868ರಲ್ಲಿ. ಲೀಡ್ಸ್‌ನಲ್ಲಿ ಅದರ ಉಸಿರು ಬಹಳ ಮೊದಲೇ ನಿಂತಿತ್ತು.

ಇಂಥ ಪ್ಯಾರಿಷ್ಷಿಗೆ 1837ರಲ್ಲಿ ಬಂದವರು ವಾಲ್ಟರ್ ಫಾರ್ಕ್ವರ್ ಹುಕ್. ವಯಸ್ಸು 39, ಅದಕ್ಕೆ ಮುಂಚೆ ಕೊವೆಂಟ್ರಿಯಲ್ಲಿ ವಿಕಾರ್. ಲೀಡ್ಸ್‌ನಲ್ಲಿ ವಿಕಾರನನ್ನು ನೇಮಿಸುವ ಹಕ್ಕು ಜಮೀನ್ದಾರನದೂ ಅಲ್ಲ, ಬಿಷಪ್ಪನದೂ ಅಲ್ಲ. 16ನೇ ಶತಮಾನದಲ್ಲಿ ಪ್ಯಾರಿಷ್ಷಿನವರೇ ಆ ಹಕ್ಕನ್ನು ಕೊಂಡು 25 ಟ್ರಸ್ಟಿಗಳ ಕೈಗೆ ಒಪ್ಪಿಸಿದ್ದರು. ಹಾಗಾಗಿ ನೇಮಕವೆಂದರೆ ಊರಿನ ಒಂದು ಚುನಾವಣೆಯೇ. ಹುಕ್ ಆಂಗ್ಲಿಕನ್ ಸಂಪ್ರದಾಯವನ್ನು ಗಟ್ಟಿಯಾಗಿ ಹಿಡಿದವರು, ಆಂಗ್ಲಿಕನ್ ಸಭೆಯಲ್ಲಿ ಹಳೆಯ ಆಚರಣೆಗಳನ್ನು ಮರಳಿ ತರಲು ಹೊರಟ ಆಕ್ಸ್‌ಫರ್ಡ್ ಚಳವಳಿಯ ಗೆಳೆಯರು. ಬಂದು ನೋಡಿದರೆ ನಿಲುವಂಗಿಗಳು ಹರಿದು ಚಿಂದಿಯಾಗಿದ್ದವು, ಪ್ರಾರ್ಥನಾ ಪುಸ್ತಕಗಳ ಹಾಳೆ ಕಿತ್ತುಹೋಗಿತ್ತು. ವೆಸ್ಟ್ರಿ ಸಭೆ ಚರ್ಚಿನೊಳಗೇ ನಡೆದಾಗ ವಾರ್ಡನ್‌ಗಳು ಟೋಪಿ, ಕೋಟುಗಳನ್ನು ಬಲಿಪೀಠದ ಮೇಲೇ ಗುಡ್ಡೆ ಹಾಕುತ್ತಿದ್ದರು. ಲೀಡ್ಸ್‌ನ ನಿಜವಾದ ಅಧಿಕೃತ ಧರ್ಮ ಮೆಥಡಿಸಂ ಎಂಬರ್ಥದಲ್ಲಿ ಅವರು ಆಗಲೇ ಬರೆದದ್ದುಂಟು. ಎದುರಾಳಿಗಳ ಬಲವನ್ನು ಇಷ್ಟು ನೇರವಾಗಿ ಒಪ್ಪಿಕೊಂಡ ಪಾದ್ರಿ ಆ ಕಾಲದಲ್ಲಿ ಅಪರೂಪ.

ಕಟ್ಟಡದ ವಿಷಯಕ್ಕೆ ಬರುತ್ತೇನೆ. ಹಳೆಯ ಚರ್ಚು ಶಿಲುಬೆಯಾಕಾರದ ಮಧ್ಯಯುಗದ ಕಟ್ಟಡ. ಗೋಪುರ ನಟ್ಟನಡುವೆ ನಿಂತಿತ್ತು. ನಡುವಿನ ಗೋಪುರವನ್ನು ಹೊರಲು ನಾಲ್ಕು ದಪ್ಪ ಕಂಬ ಬೇಕು. ಆ ಕಂಬಗಳು ಮುಂಭಾಗಕ್ಕೂ ಬಲಿಪೀಠಕ್ಕೂ ಅಡ್ಡ ನಿಲ್ಲುತ್ತವೆ. ಹಿಂದೆ ಕೂತವರಿಗೆ ನೋಟವೂ ಇಲ್ಲ, ಮಾತೂ ಕೇಳಿಸದು. ಮೊದಲ ಯೋಜನೆ ಬರೀ ತಿದ್ದುಪಡಿಯದು: ಗೋಪುರವನ್ನು ಬಿಚ್ಚಿ ಉತ್ತರ ಬದಿಗೆ ಕಟ್ಟುವುದು, ಒಳಗನ್ನು ಬಯಲು ಮಾಡುವುದು. ಕೆಲಸ ಶುರುವಾದ ಮೇಲೆ ಹಳೆಯ ಗೋಡೆಗಳು ಎಷ್ಟು ಸೊರಗಿವೆ ಎನ್ನುವುದು ತಿಳಿಯಿತು. ಕೊನೆಗೆ ಪೂರ್ತಿ ಹೊಸ ಚರ್ಚೇ ಎದ್ದಿತು. ವಾಸ್ತುಶಿಲ್ಪಿ ರಾಬರ್ಟ್ ಡೆನಿಸ್ ಚಾಂಟ್ರೆಲ್, ಸರ್ ಜಾನ್ ಸೋನ್ ಅವರ ಶಿಷ್ಯ, ಲೀಡ್ಸ್‌ನಲ್ಲೇ ನೆಲೆಸಿದ್ದವರು. ಖರ್ಚು ಸುಮಾರು 30 ಸಾವಿರ ಪೌಂಡ್. ತೆರಿಗೆಯಿಂದ ಇಷ್ಟು ದುಡ್ಡು ಎತ್ತುವ ಮಾತೇ ಇರಲಿಲ್ಲ, ದೇಣಿಗೆಯೇ ಗತಿ. 2 ಸೆಪ್ಟೆಂಬರ್ 1841ರಂದು ಪ್ರತಿಷ್ಠೆ ನಡೆಯಿತು. ನ್ಯೂಜೆರ್ಸಿಯ ಬಿಷಪ್ ಡೋನ್ ಅಮೆರಿಕದಿಂದ ಬಂದು ಉಪದೇಶ ಮಾಡಿದರು. ನೆರೆದವರಲ್ಲಿ 21 ವರ್ಷದ ಫ್ಲಾರೆನ್ಸ್ ನೈಟಿಂಗೇಲ್ ಕೂಡ ಇದ್ದರು.

ಒಳಗೆ ಹೋದವರು ಎರಡು ಸಂಗತಿ ಗಮನಿಸಬೇಕು. ಒಂದು, ಸುತ್ತಲೂ ಗ್ಯಾಲರಿಗಳಿವೆ. ಗಾಥಿಕ್ ಶುದ್ಧತೆಯ ಪಂಡಿತರು ಕೆಲವೇ ವರ್ಷಗಳಲ್ಲಿ ಗ್ಯಾಲರಿ ಎಂದರೆ ಮೂಗು ಮುರಿಯತೊಡಗಿದರು, ಈ ಚರ್ಚು ಹಳೆಯ ಕಾಲದ್ದು ಎಂದರು. ಆದರೆ ಒಂದೂವರೆ ಲಕ್ಷ ಜನರ ಊರಿಗೆ ಕಟ್ಟುವಾಗ ಆಸನಗಳನ್ನು ಒಂದರ ಮೇಲೊಂದು ಅಂತಸ್ತಿನಲ್ಲಿ ಇಡದೆ ಬೇರೆ ದಾರಿಯಿಲ್ಲ. ಚಾಂಟ್ರೆಲ್ ಮಾಡಿದ್ದು ಸರಿ ಎಂದೇ ನನ್ನ ಅಭಿಪ್ರಾಯ. ಎರಡನೆಯದು, ಗಾಯಕರ ಜಾಗ. ಆಗಿನ ಪ್ಯಾರಿಷ್ ಚರ್ಚುಗಳಲ್ಲಿ ಹಾಡುವವರು ಸಾಮಾನ್ಯವಾಗಿ ಹಿಂದಿನ ಗ್ಯಾಲರಿಯಲ್ಲಿ, ಮಾಮೂಲಿ ಬಟ್ಟೆಯಲ್ಲಿ, ಪಿಟೀಲು ಕ್ಲಾರಿನೆಟ್ ಜೊತೆ ಇರುತ್ತಿದ್ದರು. ಲೀಡ್ಸ್‌ನಲ್ಲಿ ಬಿಳಿ ನಿಲುವಂಗಿ ತೊಟ್ಟ ಗಂಡಸರು ಮತ್ತು ಹುಡುಗರ ಕ್ವಾಯರ್ (ಗಾಯಕವೃಂದ) ಅನ್ನು ಕ್ಯಾಥೆಡ್ರಲ್‌ನಂತೆ, ಅಂದರೆ ಬಿಷಪ್ಪನ ಪೀಠವಿರುವ ಚರ್ಚಿನಂತೆ, ಎದುರುಬದುರು ಸಾಲಿನಲ್ಲಿ, ಜನರಿಗೂ ಬಲಿಪೀಠಕ್ಕೂ ನಡುವೆ ಕೂರಿಸಿದರು. ಇವತ್ತು ಎಲ್ಲೆಲ್ಲೂ ಕಾಣುವ ಈ ವ್ಯವಸ್ಥೆ ಪ್ಯಾರಿಷ್ ಚರ್ಚುಗಳಿಗೆ ಹರಡಿದ್ದರಲ್ಲಿ ಲೀಡ್ಸ್ ಮಾದರಿಯ ಪಾಲು ಬಹಳ ದೊಡ್ಡದು.

ಕ್ವಾಯರ್ ಹೆಸರಿಗಷ್ಟೇ ಇರಬಾರದು, ಚೆನ್ನಾಗಿ ಹಾಡಬೇಕು ಎಂಬ ಹಟ ಹುಕ್‌ರದು. ಅದಕ್ಕಾಗಿ ಎಕ್ಸೆಟರ್ ಕ್ಯಾಥೆಡ್ರಲ್ಲಿನ ಆರ್ಗನಿಸ್ಟ್ ಸ್ಯಾಮ್ಯುಯೆಲ್ ಸೆಬಾಸ್ಟಿಯನ್ ವೆಸ್ಲಿಯನ್ನು 1842ರಲ್ಲಿ ವರ್ಷಕ್ಕೆ 200 ಪೌಂಡ್ ಸಂಬಳದ ಭರವಸೆ ಕೊಟ್ಟು ಕರೆತಂದರು. ಮೆಥಡಿಸಂನ ಹಾಡುಗಳ ಮಹಾಕವಿ ಚಾರ್ಲ್ಸ್ ವೆಸ್ಲಿಯ ಮೊಮ್ಮಗ ಇವರು! ಮೆಥಡಿಸ್ಟರ ಊರಿನಲ್ಲಿ ಆಂಗ್ಲಿಕನ್ ಆರ್ಗನ್ ಮುಂದೆ ಕೂತದ್ದು ಅದೇ ಮನೆತನದ ಕುಡಿ. ಕ್ಯಾಥೆಡ್ರಲ್‌ಗಳು ಸಂಗೀತವನ್ನು ಹೇಗೆ ಹಾಳುಗೆಡವಿವೆ ಎಂದು ವೆಸ್ಲಿ ಕಟುವಾಗಿ ಬರೆದದ್ದು ಲೀಡ್ಸ್‌ನಲ್ಲಿದ್ದಾಗಲೇ. ಅವರ ಇ ಮೇಜರ್ ಸರ್ವಿಸ್‌ನ (ಆರಾಧನೆಯಲ್ಲಿ ಹಾಡುವ ಪಠ್ಯಗಳಿಗೆ ಮಾಡಿದ ಸಂಗೀತ ರಚನೆಯ) ಹಕ್ಕನ್ನು ಕೊಂಡವರು ಲೀಡ್ಸ್‌ನ ಕಬ್ಬಿಣದ ಫೌಂಡ್ರಿ ಮಾಲೀಕ ಮಾರ್ಟಿನ್ ಕಾವುಡ್. 1845ರಲ್ಲಿ ಅದು ಅಚ್ಚಾಯಿತು. ಗಿರಣಿ, ಫೌಂಡ್ರಿಗಳ ದುಡ್ಡು ಚರ್ಚಿನ ಗೋಡೆಗಷ್ಟೇ ಅಲ್ಲ, ಸ್ವರಗಳಿಗೂ ಹರಿದದ್ದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಡ. ವೆಸ್ಲಿ 1849ರಲ್ಲಿ ವಿಂಚೆಸ್ಟರ್‌ಗೆ ಹೋದರು.

ಈಗ 1844ರ ಕಾಯ್ದೆ. ಅಂದವಾದ ಹೊಸ ಚರ್ಚು, ಒಳ್ಳೆಯ ಸಂಗೀತ, ಕಿಕ್ಕಿರಿದ ಸೇವೆ ಎಲ್ಲವೂ ಇದ್ದಾಗ ಬೇರೆ ಯಾರಾದರೂ ಅಲ್ಲಿಗೆ ನಿಲ್ಲಿಸುತ್ತಿದ್ದರು. ಹುಕ್ ಲೆಕ್ಕ ಹಾಕಿದರು: ಕಿರ್ಕ್‌ಗೇಟಿನಲ್ಲಿ ಎಷ್ಟೇ ಜನ ಸೇರಿದರೂ ಹನ್‌ಸ್ಲೆಟ್‌ನ, ಹೋಲ್‌ಬೆಕ್‌ನ ಬೀದಿಗಳಿಗೆ ಪಾದ್ರಿ ತಲುಪಿದಂತಾಗುವುದಿಲ್ಲ. ಲೀಡ್ಸ್ ವಿಕಾರೇಜ್ ಕಾಯ್ದೆ ಎಂಬ ಪ್ರತ್ಯೇಕ ಶಾಸನ ಪಾರ್ಲಿಮೆಂಟಿನಲ್ಲಿ ಪಾಸಾಯಿತು. ಅದರ ತಿರುಳು ಇಷ್ಟು. ಉಪಚರ್ಚುಗಳು ತಮ್ಮದೇ ಗಡಿಯುಳ್ಳ ಸ್ವತಂತ್ರ ಪ್ಯಾರಿಷ್‌ಗಳಾಗಬಹುದು, ಅಲ್ಲಿನ ಪಾದ್ರಿಯೂ ವಿಕಾರನೇ. ಆದರೆ ಎರಡು ಷರತ್ತು: ನೆಲಮಟ್ಟದ ಆಸನಗಳು ಬಾಡಿಗೆಯಿಲ್ಲದೆ ಎಲ್ಲರಿಗೂ ತೆರೆದಿರಬೇಕು, ಪಾದ್ರಿಗೆ ಆ ಪ್ಯಾರಿಷ್ಷಿನಲ್ಲೇ ಮನೆ ಇರಬೇಕು. ಷರತ್ತುಗಳೇ ಇದರ ಜಾಣ್ಮೆ. ಮೊದಲನೆಯದು ಬೆಂಚು ಬಾಡಿಗೆಯ ಬೇರಿಗೆ ಕೊಡಲಿ ಹಾಕಿತು. ಎರಡನೆಯದು, ಊರಿನ ಒಳ್ಳೆಯ ಬಡಾವಣೆಯಲ್ಲಿ ಮನೆ ಮಾಡಿಕೊಂಡು ಭಾನುವಾರ ಮಾತ್ರ ಕೊಳೆಗೇರಿಗೆ ಬಂದು ಹೋಗುವ ಅಭ್ಯಾಸವನ್ನು ತಡೆಯಿತು. ಇದರ ಬೆಲೆ ತೆತ್ತವರು ಸ್ವತಃ ಹುಕ್. ನೇಮಕಾತಿಯ ಹಕ್ಕು, ಶುಲ್ಕ, ವರಮಾನದ ದೊಡ್ಡ ಪಾಲು ಬಿಟ್ಟುಕೊಡಬೇಕಾಯಿತು. ಅಧಿಕಾರ ತನ್ನ ಕೈಯಲ್ಲಿರುವಾಗಲೇ ಅದನ್ನು ಹಂಚಿಕೊಡಲು ಕಾಯ್ದೆ ಮಾಡಿಸಿಕೊಂಡವರನ್ನು ಎಲ್ಲಿ ಹುಡುಕಿದರೂ ಹೆಚ್ಚು ಮಂದಿ ಸಿಗುವುದಿಲ್ಲ.

ಫಲ ಸಂಖ್ಯೆಯಲ್ಲೇ ಕಾಣುತ್ತದೆ. ಅವರು ಬಂದಾಗ ಲೀಡ್ಸ್‌ನಲ್ಲಿ 15 ಚರ್ಚುಗಳಿದ್ದವು, 1859ರಲ್ಲಿ ಚಿಚೆಸ್ಟರ್ ಕ್ಯಾಥೆಡ್ರಲ್ಲಿನ ಡೀನ್ (ಮುಖ್ಯ ಪಾದ್ರಿ) ಆಗಿ ಹೊರಟಾಗ 36. ಶಾಲೆಗಳು 3 ಇದ್ದದ್ದು 30 ಆದವು, ಪಾದ್ರಿ ಮನೆಗಳು 6 ಇದ್ದದ್ದು 29. ಇದರಲ್ಲಿ ಎಡವಟ್ಟುಗಳೂ ಇವೆ. ಆಕ್ಸ್‌ಫರ್ಡ್‌ನ ಎಡ್ವರ್ಡ್ ಪ್ಯೂಸಿ ಹೆಸರು ಹೇಳದೆ ದುಡ್ಡು ಕೊಟ್ಟು ಕಟ್ಟಿಸಿದ ಸೇಂಟ್ ಸೇವಿಯರ್ಸ್ 1845ರಲ್ಲಿ ಪ್ರತಿಷ್ಠೆಯಾಯಿತು. ಅಲ್ಲಿನ ಪಾದ್ರಿಗಳಲ್ಲಿ ಹಲವರು 1847 ಮತ್ತು 1851ರಲ್ಲಿ ರೋಮನ್ ಕ್ಯಾಥೊಲಿಕ್ ಸಭೆಗೆ ಹೋದರು. ತಮ್ಮ ಅಂಗಳದಲ್ಲೇ ಹೀಗಾದದ್ದು ಹುಕ್‌ರನ್ನು ಕೆರಳಿಸಿತು, ಪ್ಯೂಸಿಯೊಂದಿಗಿನ ಹಳೆಯ ಸ್ನೇಹವೂ ಮುರಿಯಿತು. ಅದೇ 1840ರ ದಶಕದಲ್ಲಿ ವೆಸ್ಟ್ರಿಯವರು ಆರಿಸಿ ಕಳಿಸಿದ ಚಾರ್ಟಿಸ್ಟ್ (ಕಾರ್ಮಿಕರ ಮತದಾನದ ಹಕ್ಕಿಗಾಗಿ ಹೋರಾಡಿದ ಚಳವಳಿಯ) ಚರ್ಚ್‌ವಾರ್ಡನ್‌ಗಳ ಪ್ರಾಮಾಣಿಕತೆಯನ್ನು ಮಾತ್ರ ಅವರು ಬಾಯ್ತುಂಬ ಮೆಚ್ಚಿದರು. ಗಿರಣಿಗಳಲ್ಲಿ ದಿನಕ್ಕೆ ಹತ್ತು ಗಂಟೆ ದುಡಿಮೆಯ ಮಿತಿ ಬೇಕೆಂಬ ಚಳವಳಿಗೂ ಬೆಂಬಲವಾಗಿ ನಿಂತರು.

ಬದುಕಿದ್ದವರಿಗೆ ಜಾಗ ಮಾಡಿದ್ದಾಯಿತು, ಸತ್ತವರ ಪಾಡು ಬೇರೆ. 1832ರ ಕಾಲರಾ ಲೀಡ್ಸ್‌ನಲ್ಲಿ ಸುಮಾರು 700 ಜನರನ್ನು ಕೊಂದಿತು. ಚರ್ಚಿನ ಅಂಗಳ ಆಗಲೇ ತುಂಬಿತ್ತು. ನೆಲ ತುಂಬಿದ ಮೇಲೂ ಹೂಳುತ್ತ ಹೋದರೆ ಹಳೆಯ ಸಮಾಧಿ ಕೆದಕಲೇಬೇಕು. 1842ರ ಲೀಡ್ಸ್ ಸ್ಮಶಾನ ಕಾಯ್ದೆಯ ಬಲದಿಂದ ನಗರಸಭೆ ಬೆಕೆಟ್ ಸ್ಟ್ರೀಟ್ ಸ್ಮಶಾನ ಮಾಡಿತು, 1845ರಲ್ಲಿ ಅದು ಬಳಕೆಗೆ ಬಂತು. ಅರ್ಧ ಆಂಗ್ಲಿಕನ್ನರಿಗೆ, ಅರ್ಧ ಉಳಿದವರಿಗೆ. ಇಂಗ್ಲೆಂಡಿನಲ್ಲಿ ನಗರಸಭೆಯೇ ನಡೆಸಿದ ಮೊದಮೊದಲ ಸ್ಮಶಾನಗಳಲ್ಲಿ ಇದೂ ಒಂದು. ಕಿರ್ಕ್‌ಗೇಟಿನ ಹಳೆಯ ಅಂಗಳಕ್ಕೂ ನೆಮ್ಮದಿ ಸಿಗಲಿಲ್ಲ. 1869ರಲ್ಲಿ ನಾರ್ತ್ ಈಸ್ಟರ್ನ್ ರೈಲ್ವೆ ಕಂಪನಿ ಮಾರ್ಷ್ ಲೇನ್‌ನಿಂದ ಹೊಸ ನಿಲ್ದಾಣದವರೆಗೆ ಹಳಿ ಹಾಕಿದಾಗ ಏರಿ ಸಮಾಧಿಗಳ ನಡುವೆಯೇ ಹಾದುಹೋಯಿತು. ಅಲ್ಲಿನ ಸಮಾಧಿ ಕಲ್ಲುಗಳನ್ನು ಏರಿಯ ಇಳಿಜಾರಿನ ಮೇಲೆ ಮಲಗಿಸಿದರು. ಇವತ್ತಿಗೂ ಅವು ಅಲ್ಲೇ ಇವೆ. ಮೇಲೆ ರೈಲು ಓಡುತ್ತದೆ.

ಹಳೆಯ ಗೋಪುರವನ್ನು 1838ರಲ್ಲಿ ಕೆಡವುವಾಗ ಗೋಡೆಯೊಳಗೆ ಕೆತ್ತನೆಯ ಕಲ್ಲಿನ ತುಂಡುಗಳು ಸಿಕ್ಕವು. ಮಧ್ಯಯುಗದ ಗಾರೆಯವರು ಅದಕ್ಕೂ ಹಿಂದಿನ, ಸುಮಾರು ಹತ್ತನೇ ಶತಮಾನದ ಶಿಲುಬೆ ಕಂಬವನ್ನು ಒಡೆದು ಗೋಡೆಗೆ ತುಂಬಿದ್ದರು. ಚಾಂಟ್ರೆಲ್ ಅವುಗಳನ್ನು ಜೋಡಿಸಿದರು, ಆಮೇಲೆ ತಮ್ಮೊಡನೆ ದಕ್ಷಿಣಕ್ಕೂ ಒಯ್ದರು. ಮುಂದೆ ವಿಕಾರ್ ಜಾನ್ ಗಾಟ್ ಅದನ್ನು ಲೀಡ್ಸ್‌ಗೆ ಮರಳಿ ತರಿಸಿದರು. ಈ ಗಾಟ್ ಬೀನ್ ಇಂಗ್ ಗಿರಣಿಯ ಬೆಂಜಮಿನ್ ಗಾಟ್‌ನ ಮೊಮ್ಮಗ. ಕಂಬದ ಕೆಳಭಾಗವನ್ನು ಹತ್ತಿರದಿಂದ ನೋಡಬೇಕು: ಉತ್ತರ ಯುರೋಪಿನ ಪುರಾಣದ ಕಮ್ಮಾರ ವೇಲ್ಯಾಂಡ್ ರೆಕ್ಕೆ ಕಟ್ಟಿಕೊಂಡು, ತಲೆಯ ಮೇಲೆ ಒಬ್ಬ ಹೆಣ್ಣನ್ನು ಹಿಡಿದೆತ್ತಿದ್ದಾನೆ, ಅವನ ಕಾಲ ಬಳಿ ಸುತ್ತಿಗೆ, ಇಕ್ಕಳದಂಥ ಕಮ್ಮಾರಿಕೆಯ ಸಾಮಾನುಗಳು. ಕ್ರೈಸ್ತ ಸಂತರೂ ಅದೇ ಕಲ್ಲಿನ ಮೇಲಿದ್ದಾರೆ.

ಹೊರಗಿನ ಕಪ್ಪು ಬಣ್ಣದ ಬಗ್ಗೆ ಒಂದು ಮಾತು, ಏಕೆಂದರೆ ಇದನ್ನು ತೊಳೆದುಬಿಡಬಾರದೇ ಎಂದು ಕೇಳುವವರು ಬಹಳ. ಯಾರ್ಕ್‌ಶೈರ್‌ನ ಈ ಮರಳುಗಲ್ಲು ಅಗೆದಾಗ ಜೇನುಬಣ್ಣ. ಕಲ್ಲಿದ್ದಲ ಹೊಗೆಯ ಮಸಿ ಅದರ ರಂಧ್ರಗಳೊಳಗೆ ಇಳಿದು ಕೂತಿದೆ. ಮರಳನ್ನು ರಭಸದಿಂದ ಚಿಮ್ಮಿಸಿ ಉಜ್ಜಿದರೆ ಮಸಿಯೊಂದಿಗೆ ಗಟ್ಟಿಯಾದ ಮೇಲ್ಪದರವೂ ಹೋಗುತ್ತದೆ, ಉಳಿ ಗುರುತು ಅಳಿಯುತ್ತದೆ, ಒಳಗಿನ ಮೆದು ಕಲ್ಲು ಬೇಗ ಸವೆಯುತ್ತದೆ. ಆಮ್ಲ ಹಾಕಿದರೆ ಕಬ್ಬಿಣದ ಅಂಶ ಕದಡಿ ಕಿತ್ತಳೆ ಕಲೆ ಏಳಬಹುದು. ಇಂಥ ಚರ್ಚುಗಳನ್ನು ನಿಜವಾಗಿ ಕೊಲ್ಲುವುದು ಮಸಿಯಲ್ಲ, ನೀರು. ಚಾವಣಿಯ ಮಳೆನೀರು ಹರಿಯುವ ಸೀಸದ ದೋಣಿಯಲ್ಲಿ ಎಲೆ, ಪಾರಿವಾಳದ ಗೂಡು ಕಟ್ಟಿಕೊಂಡರೆ ನೀರು ಉಕ್ಕಿ ಗೋಡೆಯ ತಲೆಗೆ ಇಳಿಯುತ್ತದೆ. ಅಲ್ಲೇ ತೊಲೆಯ ತುದಿಗಳಿರುವುದು. ಕಲ್ಲು ಹಿಡಿದಿಟ್ಟ ಕಬ್ಬಿಣದ ಕೊಂಡಿ ತುಕ್ಕು ಹಿಡಿದು ಊದಿಕೊಂಡರೆ ಕಲ್ಲೇ ಸೀಳುತ್ತದೆ. ಸಂದುಗಳಿಗೆ ಸುಣ್ಣದ ಗಾರೆಯ ಬದಲು ಸಿಮೆಂಟು ಮೆತ್ತಿದರೆ ತೇವ ಸಂದಿನಿಂದ ಹೊರಬರಲಾಗದೆ ಕಲ್ಲಿನ ಮೂಲಕ ಹೊರಡುತ್ತದೆ. ಚಳಿಗಾಲದಲ್ಲಿ ಅದು ಹೆಪ್ಪುಗಟ್ಟಿ ಕಲ್ಲಿನ ಮುಖ ಚಕ್ಕೆಚಕ್ಕೆಯಾಗಿ ಉದುರುತ್ತದೆ. ಎಲೆ ಉದುರಿದ ಮೇಲೊಮ್ಮೆ, ವಸಂತದಲ್ಲೊಮ್ಮೆ ದೋಣಿ ಮತ್ತು ಕೊಳವೆ ಬಿಡಿಸುವ ಕೆಲಸ ಯಾವ ದೊಡ್ಡ ಜೀರ್ಣೋದ್ಧಾರಕ್ಕಿಂತಲೂ ಅಗ್ಗ.

2014ರಲ್ಲಿ ಬ್ರ್ಯಾಡ್‌ಫರ್ಡ್, ವೇಕ್‌ಫೀಲ್ಡ್, ರಿಪನ್-ಲೀಡ್ಸ್ ಡಯಾಸಿಸ್‌ಗಳನ್ನು (ಬಿಷಪ್ಪನ ಆಡಳಿತ ವಲಯಗಳನ್ನು) ಸೇರಿಸಿ ಲೀಡ್ಸ್ ಹೆಸರಿನ ಒಂದೇ ಡಯಾಸಿಸ್ ಮಾಡಿದರು. ಅದಕ್ಕೆ ಮೂರು ಕ್ಯಾಥೆಡ್ರಲ್‌ಗಳಿವೆ, ಮೂರೂ ಬೇರೆ ಊರುಗಳಲ್ಲಿ. ಸೇಂಟ್ ಪೀಟರ್ಸ್ ಕ್ಯಾಥೆಡ್ರಲ್ ಆಗಲಿಲ್ಲ. ಹುಕ್‌ರ ಕಂಚಿನ ಪ್ರತಿಮೆ ರೈಲು ನಿಲ್ದಾಣದ ಎದುರಿನ ಸಿಟಿ ಸ್ಕ್ವೇರ್‌ನಲ್ಲಿದೆ, ಪೊಮರಾಯ್ ಮಾಡಿದ್ದು. ಪಕ್ಕದಲ್ಲೇ ಜೇಮ್ಸ್ ವಾಟ್, ಜೋಸೆಫ್ ಪ್ರೀಸ್ಟ್ಲಿ. ಅಲ್ಲಿಂದ ಚರ್ಚಿಗೆ ನಡೆದೇ ಹೋಗಬಹುದು.